ಹೊಟ್ಟೆಯಿಲ್ಲದ ಮೀನು

ಮಾರ್ಚ್ ೪

ಭಾವನವರಿಗೆ ನಮಸ್ಕಾರ.

ಅಪ್ಪ ಬಿಟ್ಟುಹೋದ ಆರು ಕೊಳಗಳಲ್ಲಿ ಎರಡನ್ನು ನನ್ನ ಪ್ರಯೋಗಕ್ಕೆ ಕೊಡಲು ಒಪ್ಪಿದಿರಲ್ಲ, ಅದಕ್ಕೆ ಮೊದಲು ಒಂದು ದೊಡ್ಡ ಥ್ಯಾಂಕ್ಸ್. ಇಪ್ಪತ್ತು ಚೀಲ ಫೀಡನ್ನು ನಿನ್ನೆ ಲಾರಿಗೆ ಹಾಕಿಸಿದ್ದೇನೆ. ಬಿಳಿ ದಾರದಲ್ಲಿ ಬಾಯಿ ಹೊಲಿದ ಚೀಲಗಳು ನಮ್ಮ ಗಿರಣಿ ಎಲ್ಲರಿಗೂ ಮಾರುವ ಹಳೆಯ ಫೀಡು. ಹಸಿರು ದಾರದವು ನಾನು ಎರಡು ವರ್ಷ ಗುದ್ದಾಡಿ ಮಾಡಿದ ಹೊಸದು. ಅದರಲ್ಲಿ ಒಣಮೀನಿನ ಪುಡಿ ಒಂದು ಚಿಟಿಕೆಯೂ ಇಲ್ಲ, ಬರೀ ಸೋಯಾ, ಹಿಂಡಿ, ತೌಡು. ಒಂದನೇ ಕೊಳಕ್ಕೆ ಬಿಳಿ, ಎರಡನೇ ಕೊಳಕ್ಕೆ ಹಸಿರು. ದಯವಿಟ್ಟು ಅದಲುಬದಲು ಮಾಡಿ ನನ್ನ ಹೊಟ್ಟೆ ಉರಿಸಬೇಡಿ.

ನಿಯಮ ಸುಲಭ. ಎರಡೂ ಕೊಳಕ್ಕೆ ಒಂದೇ ದಿನ, ಅಷ್ಟೇ ಸಂಖ್ಯೆಯ, ಅಷ್ಟೇ ತೂಕದ ಗೆಂಡೆ ಮರಿಗಳನ್ನು ಬಿಡಿ. ಯಾವ ವಾರ ಎಷ್ಟು ಫೀಡು ಎನ್ನುವ ಪಟ್ಟಿ ಮೊದಲ ಚೀಲದೊಳಗಿದೆ. ಎರಡಕ್ಕೂ ಒಂದೇ ಅಳತೆ, ಒಂದು ಹಿಡಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೆಳಿಗ್ಗೆ ಎಂಟಕ್ಕೆ ಅರ್ಧ, ಸಂಜೆ ನಾಲ್ಕಕ್ಕೆ ಅರ್ಧ. ಆಗಾಗ ಮೂವತ್ತು ಮೀನು ಹಿಡಿದು ತೂಗಿ ಬರೆಯಿರಿ. ಇಪ್ಪತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರಿಗೆ ನಾನು ಹೊತ್ತಿನ ಪಾಠ ಹೇಳುವುದೇ!

ಇನ್ನೊಂದು ವಿಷಯ ನಿಮಗೂ ಗೊತ್ತು, ಆದರೂ ಬರೆಯುತ್ತೇನೆ. ಮೂರು ವರ್ಷದ ಹಿಂದೆ ನಾನು ಕಳಿಸಿದ ಫೀಡು ತಿಂದ ಮೀನುಗಳ ಬೆನ್ನು ಡೊಂಕಾಗಿ, ಕೊಳ್ಳಲು ಬಂದವರು ಖಾಲಿ ಲಾರಿ ತಿರುಗಿಸಿಕೊಂಡು ಹೋದರಲ್ಲ, ಅವತ್ತಿನಿಂದ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಫೋನ್ ಮಾಡಿದರೆ ನನ್ನ ದನಿ ಕೇಳುತ್ತಲೇ ರಿಸೀವರನ್ನು ನಿಮ್ಮ ಕೈಗೆ ಕೊಟ್ಟು ಎದ್ದು ಹೋಗುತ್ತಾಳೆ. ಅದಕ್ಕೇ ಈ ಪತ್ರ. ನೀರು ಕೆಟ್ಟಿತ್ತೋ ಫೀಡು ಕೆಟ್ಟಿತ್ತೋ ಯಾರಿಗೆ ಗೊತ್ತು, ಆದದ್ದು ಆಯಿತು. ಈ ಸಲ ಎರಡನೇ ಕೊಳದ ಮೀನು ಚೆನ್ನಾಗಿ ಬೆಳೆದರೆ ಅಕ್ಕ ನನ್ನ ಜೊತೆ ಮಾತಾಡುತ್ತಾಳೆ ಎನ್ನುವ ಆಸೆ ನನಗೆ. ಆಗಸ್ಟ್‌ನಲ್ಲಿ ವರದಿ ಕೊಡಬೇಕೆಂದು ಮುಖ್ಯಸ್ಥರು ಹೇಳಿದ್ದಾರೆ. ವರದಿಗಿಂತ ನನಗೆ ಅಕ್ಕನದೇ ಚಿಂತೆ.

ನಿಮ್ಮ ನಾದಿನಿ


ಮಾರ್ಚ್ ೧೫

ಲ್ಯಾಬ್ ರಾಣಿಯವರಿಗೆ,

ಲಾರಿಯೇ ಮೊದಲು ಬಂತು. ನಿನ್ನ ಪತ್ರ ಎರಡು ದಿನ ತಡ. ಹಸಿರು ಯಾವುದಕ್ಕೆ, ಬಿಳಿ ಯಾವುದಕ್ಕೆ ಎಂದು ತಿಳಿಯದೆ ಮರಿಗಳನ್ನು ಎರಡು ದಿನ ಉಪವಾಸ ಕೆಡವಿದೆ. ನೀನು ಪಟ್ಟಿಯನ್ನು ಚೀಲದೊಳಗೆ ಹಾಕಿದ್ದೀಯ, ಚೀಲ ಯಾವ ಕೊಳದ್ದು ಎನ್ನುವುದನ್ನು ಲಕೋಟೆಯೊಳಗೆ ಹಾಕಿದ್ದೀಯ. ಇದಕ್ಕೇ ವಿಜ್ಞಾನ ಅನ್ನುತ್ತಾರೇನೋ.

ಮರಿ ಬಿಟ್ಟದ್ದು ಹತ್ತನೇ ತಾರೀಖು. ಸರಾಸರಿ ನಲವತ್ತು ಗ್ರಾಂ. ಎಂಟಕ್ಕೆ ಡಬ್ಬ ಹಿಡಿದು ಏರಿಯ ಮೇಲೆ ನಿಲ್ಲುತ್ತೇನೆ, ಎಂಟೂ ಐದಕ್ಕೆ ಎರಡೂ ಕೊಳದ ಕೆಲಸ ಮುಗಿದಿರುತ್ತದೆ. ನಾಲ್ಕಕ್ಕೂ ಹಾಗೇ. ನನ್ನ ಅಂಗಡಿಯ ಗಡಿಯಾರಗಳೂ ಇಷ್ಟು ನಿಯತ್ತಾಗಿ ನಡೆದಿದ್ದಿಲ್ಲ.

ನಿನ್ನ ಅಕ್ಕ ಹಸಿರು ದಾರದ ಚೀಲಗಳನ್ನು ನೋಡಿದಳು. "ಇದು ಯಾವ ಕೊಳಕ್ಕೆ?" ಅಂದಳು. "ಎರಡನೇದಕ್ಕೆ" ಅಂದೆ. "ಯಾರು ಕಳ್ಸಿದ್ದು?" ಅಂದಳು. ಗೊತ್ತಿಲ್ಲದೆ ಕೇಳಿದ್ದಲ್ಲ ಅದು. "ನಿನ್ನ ತಂಗಿ" ಅಂದೆ. ನೇರ ಹೋಗಿ ಎರಡನೇ ಕೊಳವನ್ನು ಒಂದು ಸುತ್ತು ಹಾಕಿ, ನೀರಿಗೆ ಕೈ ಅದ್ದಿ ಮೂಸಿ ನೋಡಿ, ತೂಬಿನ ಹಲಗೆ ಅಲ್ಲಾಡಿಸಿ ಬಂದಳು. ನಿನ್ನ ಫೀಡಿನ ಮೇಲೆ ಅಷ್ಟು ಅನುಮಾನ ಅವಳಿಗೆ. ನಾನು ನಡುವೆ ಬಾಯಿ ಹಾಕಲಿಲ್ಲ, ನನಗೆ ಊಟ ಹಾಕುವವಳು ಅವಳು.

ನಿನ್ನ ಭಾವ


ಏಪ್ರಿಲ್ ೨೦

ರಾಣಿಯವರೇ,

ಕುಳಿತುಕೊಂಡು ಓದು. ಒಂದನೇ ಕೊಳ ತೊಂಬತ್ತಾರು ಗ್ರಾಂ. ಎರಡನೇ ಕೊಳ ನೂರಾ ಇಪ್ಪತ್ತೊಂದು.

ತಕ್ಕಡಿ ಕೆಟ್ಟಿದೆಯೇನೋ ಎಂದು ಬಿಚ್ಚಿ, ಒರೆಸಿ, ಜೋಡಿಸಿ ಮತ್ತೆ ತೂಗಿದೆ. ಅಷ್ಟೇ ಬಂತು. ಒಂದೇ ಅಳತೆಯ ಫೀಡು ತಿಂದು ಒಂದು ಕೊಳದವು ಹೀಗೆ, ಇನ್ನೊಂದು ಕೊಳದವು ಹಾಗೆ! ಎರಡನೇ ಕೊಳದವುಗಳ ಬೆನ್ನು ನೆಟ್ಟಗಿದೆ, ತಲೆ ಸರಿಯಾಗಿದೆ, ಕೈಯಲ್ಲಿ ಹಿಡಿದರೆ ಜಾರಿ ಹೋಗುವಷ್ಟು ಮೈ ತುಂಬಿದೆ. ನಿನ್ನ ಅಕ್ಕ ಒಂದೊಂದು ಮೀನಿನ ಬೆನ್ನಿನ ಮೇಲೂ ಬೆರಳಾಡಿಸಿ ನೋಡಿದಳು, ಮೂವತ್ತಕ್ಕೆ ಮೂವತ್ತೂ. ಅವತ್ತು ನನಗೆ ಎರಡು ಸಲ ಟೀ ಸಿಕ್ಕಿತು.

ನಿನ್ನ ಭಾವ


ಏಪ್ರಿಲ್ ೨೮

ಭಾವಾ! ಭಾವಾ!

ನಿಮ್ಮ ಪತ್ರವನ್ನು ಲ್ಯಾಬಿನಲ್ಲಿ ನಿಂತು ಓದಿ ಕುಣಿದಾಡಿಬಿಟ್ಟೆ. ಗಾಜಿನ ಸಾಮಾನು ತೊಳೆಯುವ ಅಮ್ಮ "ಏನಮ್ಮಾ, ಮದ್ವೆ ಗೊತ್ತಾಯ್ತಾ?" ಅಂದರು. "ಇಲ್ಲಮ್ಮಾ, ಮೀನು ದಪ್ಪ ಆಯ್ತು" ಅಂದೆ. ಪಾಪ, ಅವರಿಗೆ ನನ್ನ ಮೇಲೆ ಕನಿಕರ ಹುಟ್ಟಿರಬೇಕು.

ಮುಖ್ಯಸ್ಥರಿಗೂ ತೋರಿಸಿದೆ. ಎಂದೂ ನಗದವರು ಮುಗುಳ್ನಕ್ಕು, "ಹಳೇದಕ್ಕಿಂತ ಮೇಲು ಅಂತ ಆದ್ರೆ ಈ ವರ್ಷವೇ ಹೊರಗೆ ಬಿಡೋಣ" ಅಂದರು. ಭಾವ, ಅಕ್ಕ ಬೆನ್ನು ಸವರಿ ನೋಡಿದಳು ಎಂದು ಬರೆದಿರಲ್ಲ, ಆ ಸಾಲನ್ನು ಹತ್ತು ಸಲ ಓದಿದೆ. ಮುಂದಿನ ತೂಕದ ಹೊತ್ತಿಗೆ ಒಂದು ಮಾತಾದರೂ ಆಡಬಹುದೇ? "ಅವಳು ಹೇಗಿದ್ದಾಳೆ" ಎಂದು ನಿಮ್ಮನ್ನು ಕೇಳಿದರೂ ಸಾಕು ನನಗೆ.

ನಿಮ್ಮ ನಾದಿನಿ


ಮೇ ೧೪

ಭಾವನವರಿಗೆ,

ಕುಣಿದದ್ದು ಸ್ವಲ್ಪ ಬೇಗ ಆಯಿತೇನೋ. ಇಲ್ಲಿ ಲ್ಯಾಬಿನ ತೊಟ್ಟಿಗಳಲ್ಲೂ ಇದೇ ಪ್ರಯೋಗ ಇಟ್ಟಿದ್ದೆ. ಅದೇ ಮರಿ, ಅದೇ ಎರಡು ಫೀಡು, ಎಂಟಕ್ಕೆ ಮತ್ತು ನಾಲ್ಕಕ್ಕೆ. ಮೊನ್ನೆ ತೂಗಿದರೆ ಹಳೆಯ ಫೀಡಿನವು ಎಂಬತ್ತೆಂಟು, ನನ್ನ ಫೀಡಿನವು ಎಂಬತ್ತೇಳು. ಕೂದಲೆಳೆಯಷ್ಟೇ ವ್ಯತ್ಯಾಸ.

ಹಾಗಾದರೆ ನಿಮ್ಮ ಎರಡನೇ ಕೊಳದಲ್ಲಿ ಏನು ನಡೆಯುತ್ತಿದೆ? ತಲೆಯಲ್ಲಿ ಹುಳ ಬಿಟ್ಟುಕೊಂಡು ಕೂತಿದ್ದೇನೆ. ಮೀನು ತಿಂದದ್ದೆಲ್ಲ ಮೈಯಾಗುವುದಿಲ್ಲ, ಒಂದಷ್ಟು ಉಸಿರಾಟಕ್ಕೆ, ಒಂದಷ್ಟು ಓಡಾಟಕ್ಕೆ ಉರಿದು ಹೋಗುತ್ತದೆ, ಒಂದಷ್ಟು ಹಾಗೇ ಹಿಂದಿನಿಂದ ಹೊರಟು ಹೋಗುತ್ತದೆ. ಒಂದೇ ಅಳತೆ ತಿಂದು ಹೆಚ್ಚು ಬೆಳೆಯಬೇಕಾದರೆ ಇದರಲ್ಲಿ ಯಾವುದೋ ಒಂದು ಉಳಿತಾಯ ಆಗುತ್ತಿರಬೇಕು. ಎರಡನೇ ಕೊಳಕ್ಕೆ ನೆರಳು ಜಾಸ್ತಿಯೇ? ನೀರು ಹೆಚ್ಚು ಹಸಿರೇ? ಹಕ್ಕಿಗಳು ಬಂದು ಮರಿ ಎತ್ತಿಕೊಂಡು ಹೋಗಿ, ಉಳಿದವಕ್ಕೆ ಪಾಲು ಜಾಸ್ತಿಯಾಯಿತೇ? ಅಥವಾ ನೀವೇ ಪ್ರೀತಿಯಿಂದ ಒಂದು ಡಬ್ಬ ಹೆಚ್ಚಿಗೆ ಸುರಿದಿರೇ? ಬೈಯುವುದಿಲ್ಲ, ನಿಜ ಹೇಳಿ.

ಇನ್ನೊಂದು ಉಪಕಾರ. ಎರಡೂ ಕೊಳದಿಂದ ಐದೈದು ಮೀನು ಹಿಡಿದು, ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಕೊಯ್ದು, ಒಳಗಿನದನ್ನು ಬಾಯಿಯಿಂದ ಕೊನೆಯವರೆಗೆ ಹಾಗೇ ತೆಗೆದು ಸ್ಪಿರಿಟ್ ಬಾಟಲಿಯಲ್ಲಿ ಹಾಕಿ ಕಳಿಸಿ.

ನಿಮ್ಮ ನಾದಿನಿ


ಮೇ ೨೬

ರಾಣಿಯವರೇ,

ಒಂದು ಡಬ್ಬವೂ ಹೆಚ್ಚಿಗೆ ಸುರಿದಿಲ್ಲ. ಬೇಕಾದರೆ ಉಳಿದ ಚೀಲ ಎಣಿಸಿ ನೋಡು. ನೆರಳು ಎರಡಕ್ಕೂ ಒಂದೇ. ಹಕ್ಕಿಗಳು ಬಂದರೆ ನಿನ್ನ ಅಕ್ಕನ ಗಂಟಲಿಗೆ ಹೆದರಿ ಪಕ್ಕದ ಊರಿಗೆ ಹೋಗುತ್ತವೆ. ಎಲ್ಲ ನೀನು ಹೇಳಿದ ಹಾಗೇ ನಡೆಯುತ್ತಿದೆ, ಹೆಚ್ಚುಕಡಿಮೆ.

ಈಗ ನನ್ನ ಕಷ್ಟ ಕೇಳು. ಅಂಗಡಿಯ ಚಿಮುಟ, ಕಣ್ಣಿಗೆ ಸಿಕ್ಕಿಸುವ ಮಸೂರ ಎಲ್ಲ ತೆಗೆದು, ಮೇಜಿನ ಮೇಲೆ ಪೇಪರ್ ಹಾಸಿ ಮೀನು ಬಿಚ್ಚಿದೆ. ಮೊದಲನೆಯದಾಗಿ, ಬಾಯಲ್ಲಿ ಹಲ್ಲೇ ಇಲ್ಲ. ಹುಡುಕಿದರೆ ಗಂಟಲೊಳಗೆ ಸಿಕ್ಕಿದವು! ಗಂಟಲಲ್ಲಿ ಹಲ್ಲಿಟ್ಟುಕೊಂಡ ಪ್ರಾಣಿಯನ್ನು ನಾನು ಇದೇ ಮೊದಲು ನೋಡಿದ್ದು. ಎರಡನೆಯದಾಗಿ, ಹೊಟ್ಟೆ ಕಾಣಲಿಲ್ಲ. ಗಂಟಲಿನಿಂದ ನೇರ ಕರುಳು, ಬರೀ ಕರುಳು. ಟೇಪು ಹಿಡಿದರೆ ಮೀನಿನ ಮೈಗಿಂತ ಎರಡೂವರೆ ಪಟ್ಟು ಉದ್ದ. ಗಡಿಯಾರ ಬಿಚ್ಚಿದಾಗ ಒಂದು ಚಕ್ರ ಕಾಣದಿದ್ದರೆ ಎದೆ ಧಸಕ್ಕೆನ್ನುತ್ತದಲ್ಲ, ಹಾಗಾಯಿತು. ಎಲ್ಲೋ ಕತ್ತರಿಸಿ ಬಿಸಾಕಿದೆನೇನೋ ಎಂದು ಮೇಜಿನ ಕೆಳಗೆಲ್ಲ ತಡಕಾಡಿದೆ. ಹತ್ತೂ ಮೀನಿನಲ್ಲಿ ಅದೇ ಕಥೆ. ಬಾಟಲಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಕಳಿಸಿದ್ದೇನೆ. ಸ್ಪೇರ್ ಪಾರ್ಟ್ ಕದ್ದ ಎಂದು ನನ್ನ ಮೇಲೆ ಬರಬೇಡ.

ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರೊಬ್ಬರು ಕೇಳುತ್ತಿದ್ದಾರೆ, ಹೊಟ್ಟೆ ಎಲ್ಲಿ ಎಂದು. ಯಾರು ಎಂದು ನಾನು ಹೇಳುವುದಿಲ್ಲ.

ನಿನ್ನ ಭಾವ


ಜೂನ್ ೫

ಭಾವನವರಿಗೆ,

ಬಾಗಿಲಲ್ಲಿ ನಿಂತವರಿಗೆ ಹೇಳಿ, ಗೆಂಡೆ ಮೀನಿಗೆ ಹೊಟ್ಟೆಯೇ ಇಲ್ಲ. ನೀವು ಏನನ್ನೂ ಕಳೆದಿಲ್ಲ. ನಮ್ಮ ಹೊಟ್ಟೆ ಎರಡು ಕೆಲಸ ಮಾಡುತ್ತದೆ. ಒಂದು, ಉಗ್ರಾಣ. ಒಂದೇ ಸಲ ಗಡದ್ದಾಗಿ ಉಂಡರೂ ಕೂಡಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಕರುಳಿಗೆ ಬಿಡುತ್ತದೆ. ಇನ್ನೊಂದು, ಅದರಲ್ಲಿ ಹುಳಿ ನೀರು ಊರುತ್ತದೆ, ಗಟ್ಟಿ ಪದಾರ್ಥವನ್ನು ಕರಗಿಸುತ್ತದೆ. ಗೆಂಡೆಗೆ ಉಗ್ರಾಣವೂ ಇಲ್ಲ, ಹುಳಿಯೂ ಇಲ್ಲ. ಕೆಸರಿನಲ್ಲಿ ದಿನವಿಡೀ ಮೂತಿ ಇಟ್ಟು ಒಂದೊಂದೇ ಚೂರು ಹೆಕ್ಕಿ, ಗಂಟಲಿನ ಹಲ್ಲಲ್ಲಿ ಅರೆದು, ಕರುಳಿಗೆ ತಳ್ಳುವ ಜೀವ ಅದು. ಒಮ್ಮೆಲೇ ಸುರಿದರೆ ನುಂಗುತ್ತದೆ, ಆದರೆ ಅರ್ಧಂಬರ್ಧ ಜೀರ್ಣವಾಗಿ ಹೊರಗೆ ಹೋಗುತ್ತದೆ.

ಇದೆಲ್ಲ ಪುಸ್ತಕದಲ್ಲಿ ಇದೆ, ನನಗೂ ಗೊತ್ತಿತ್ತು. ಈಗ ನಿಮ್ಮ ಬಾಟಲಿಗಳ ವಿಷಯ. ಒಂದನೇ ಕೊಳದ ಐದೂ ಮೀನಿನ ಕರುಳಿನ ಮುಂಭಾಗ ಖಾಲಿ. ಸರಿಯೇ, ಎಂಟಕ್ಕೆ ತಿಂದದ್ದು ಹನ್ನೆರಡರ ಹೊತ್ತಿಗೆ ಮುಂದೆ ಸರಿದಿರುತ್ತದೆ. ಎರಡನೇ ಕೊಳದ ಐದೂ ಮೀನಿನ ಕರುಳು ಮುಂದಿನಿಂದ ಹಿಂದಿನವರೆಗೆ ಒಂದೇ ಸಮ ತುಂಬಿದೆ. ಮುಂಭಾಗದಲ್ಲಿ ಇನ್ನೂ ಬಣ್ಣ ಬಿಡದ ನನ್ನ ಫೀಡು!

ಭಾವ, ನನ್ನ ಕಿವಿಗೆ ಹೂವಿಡುತ್ತಿದ್ದೀರಿ. ಆ ಫೀಡು ಎಂಟು ಗಂಟೆಯದಲ್ಲ. ಹನ್ನೊಂದು ಗಂಟೆಯ ಸುಮಾರಿಗೆ ಯಾರೋ ಎರಡನೇ ಕೊಳಕ್ಕೆ ಫೀಡು ಹಾಕಿದ್ದಾರೆ. ನೀವಂತೂ ಅಲ್ಲ. ನೀವು ಎಂಟೂ ಐದಕ್ಕೆ ಮುಗಿಸಿ ಪೇಪರ್ ಹಿಡಿಯುವವರು. ಯಾರು?

ನಿಮ್ಮ ನಾದಿನಿ


ಜೂನ್ ೧೨

ರಾಣಿಯವರೇ,

ಸಿಕ್ಕಿಬಿದ್ದೆ. ಕರುಳು ನೋಡಿ ಗಂಟೆ ಹೇಳುವವಳ ಮುಂದೆ ಗಡಿಯಾರದವನ ಆಟ ನಡೆಯುವುದಿಲ್ಲ.

ನಿನ್ನ ಅಕ್ಕನೇ. ಮರಿ ಬಿಟ್ಟು ಒಂದು ವಾರವಾದಾಗ ನಾನು ಡಬ್ಬ ಬಗ್ಗಿಸುವುದನ್ನು ನೋಡಿ, "ಅದೇನು ಕಸ ಚೆಲ್ಲಿದ ಹಾಗೆ ಚೆಲ್ತೀರಿ, ಕೊಡಿ ಇಲ್ಲಿ" ಎಂದು ಎರಡನೇ ಕೊಳದ ಡಬ್ಬವನ್ನು ಕಿತ್ತುಕೊಂಡಳು. ಒಂದನೆಯದರ ತಂಟೆಗೆ ಬರಲಿಲ್ಲ. ದಿನದ ಫೀಡನ್ನು ಬಕೆಟ್ಟಿಗೆ ಹಾಕಿ ಏರಿಯ ಮೇಲೆ ಇಟ್ಟುಕೊಳ್ಳುತ್ತಾಳೆ. ಬಟ್ಟೆ ಒಣಹಾಕಲು ಹೋದಾಗ ಒಂದು ಹಿಡಿ. ಕಳೆ ಕೀಳುವಾಗ ಒಂದು ಹಿಡಿ. ಹಾಕಿ, ಕುಕ್ಕರುಗಾಲಲ್ಲಿ ಕೂತು, ಮೀನುಗಳು ಫೀಡಿನ ಕೊನೆಯ ಗುಳಿಗೆ ತಿನ್ನುವವರೆಗೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾಳೆ. ಮೋಡ ಮುಚ್ಚಿದ ಬೆಳಿಗ್ಗೆ ಮೀನು ಉಸಿರು ಸಾಲದೆ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಹಾಕುವುದೇ ಇಲ್ಲ, ಬಿಸಿಲು ಬರಲಿ ಎಂದು ಕಾಯುತ್ತಾಳೆ. ಆರು ಸಲವೋ ಏಳು ಸಲವೋ, ಸಂಜೆಗೆ ಬಕೆಟ್ ಖಾಲಿ. ಒಟ್ಟು ಅಳತೆ ನಿನ್ನ ಪಟ್ಟಿಯದ್ದೇ, ಆಣೆ ಮಾಡುತ್ತೇನೆ. ನಿನ್ನ ಫೀಡಿನ ಮೇಲೆ ಅನುಮಾನ, ಅದಕ್ಕೇ ಕಾವಲು ಎಂದು ನಾನು ಅಂದುಕೊಂಡೆ. "ಅವಳಿಗೆ ಬರೀಬೇಡಿ" ಎಂದು ಬಾಯಿಗೆ ಬೀಗ ಹಾಕಿದ್ದಳು. ಈಗ ಬರೆಯುತ್ತೇನೆ ಎಂದು ಹೇಳಿದ್ದೇನೆ. ಒಂದು ಹೊತ್ತು ಮುಖ ಊದಿಸಿಕೊಂಡಿದ್ದಳು, ಅಷ್ಟೇ.

ನಿನ್ನ ಜೂನ್ ಐದರ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಕಾಳು ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. ಪ್ರಶ್ನೆಗಳ ಸುರಿಮಳೆ! ನನಗೆ ಒಂದಕ್ಕೂ ಉತ್ತರ ಬರಲಿಲ್ಲ. "ಬರೆದು ಕೇಳಿ" ಅಂದಳು. ಮೂರು ವರ್ಷದಲ್ಲಿ ಮೊದಲ ಸಲ ಅಂದಳು. ಅವಳು ಹೇಳಿದ ಹಾಗೇ ಇಳಿಸುತ್ತೇನೆ.

"ಹೊಟ್ಟೇನೇ ಇಲ್ಲ ಅಂದ್ರೆ ಅದಕ್ಕೆ ಹಸಿವು ಎಲ್ಲಾಗುತ್ತೆ?"

"ಸಾಕು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಹುಳಿ ಇಲ್ಲ ಅಂದ್ಮೇಲೆ ಮೂಳೆ ಪುಡಿ ಕರಗುತ್ತಾ?"

ಮೂರನೆಯದು ಎಲ್ಲಿಂದ ಬಂತೋ ನನಗೆ ಅರ್ಥವಾಗಲಿಲ್ಲ. ನಿನಗೆ ಆಗಬಹುದು.

ನಿನ್ನ ಭಾವ


ಜೂನ್ ೧೭

ಭಾವನವರಿಗೆ,

ಅಕ್ಕ ಪ್ರಶ್ನೆ ಕೇಳಿದಳು ಎಂದು ಓದಿ ಕಣ್ಣಲ್ಲಿ ನೀರು ಬಂತು. ಉತ್ತರ ಅವಳಿಗೇ ಓದಿ ಹೇಳಿ.

ಹಸಿವು ಆಗುವುದು ಹೊಟ್ಟೆಯಲ್ಲಲ್ಲ, ತಲೆಯಲ್ಲಿ. ಕರುಳು ಖಾಲಿಯಾದಾಗ, ಮೈಯಲ್ಲಿ ಶಕ್ತಿ ಇಳಿದಾಗ ಮೆದುಳಿಗೆ ಸುದ್ದಿ ಹೋಗುತ್ತದೆ, ಮೀನು ಹುಡುಕಲು ಹೊರಡುತ್ತದೆ. ಸಾಕು ಎನ್ನುವುದೂ ಹಾಗೇ, ಕರುಳು ಹಿಗ್ಗಿದಾಗ ಸುದ್ದಿ ಮುಟ್ಟುತ್ತದೆ. ಆದರೆ ಸುದ್ದಿ ಮುಟ್ಟುವುದು ನಿಧಾನ. ಅಷ್ಟರೊಳಗೆ ನೀವು ಡಬ್ಬ ಬಗ್ಗಿಸಿರುತ್ತೀರಿ, ಅದು ಜೀರ್ಣಿಸಲಾಗದಷ್ಟು ನುಂಗಿರುತ್ತದೆ. ಅಕ್ಕ ಒಂದು ಹಿಡಿ ಹಾಕಿ ಕಾಯುತ್ತಾಳಲ್ಲ, ಅದು ಮೀನಿನ ಲೆಕ್ಕಕ್ಕೆ ಸರಿಹೊಂದುತ್ತದೆ.

ಇದು ಊಹೆ. ಖಾತ್ರಿ ಮಾಡಿಕೊಳ್ಳಬೇಕು. ಈ ಪತ್ರ ಸಿಕ್ಕ ದಿನದಿಂದ ಒಂದು ತಿಂಗಳು ನೀವಿಬ್ಬರೂ ಕೊಳ ಬದಲಾಯಿಸಿಕೊಳ್ಳಿ. ಫೀಡು ಮಾತ್ರ ಬದಲಾಗಬಾರದು. ಒಂದನೇ ಕೊಳದ ಹಳೆಯ ಫೀಡು ಅಕ್ಕನ ಕೈಯಲ್ಲಿ, ಎರಡನೇ ಕೊಳದ ನನ್ನ ಫೀಡು ನಿಮ್ಮ ಡಬ್ಬದಲ್ಲಿ. ಅಕ್ಕ ಒಪ್ಪುತ್ತಾಳೆಯೇ ಕೇಳಿ.

ಇಲ್ಲಿ ಕೆಲಸ ಬಹಳ. ಇಷ್ಟಕ್ಕೇ ಮುಗಿಸುತ್ತೇನೆ.

ನಿಮ್ಮ ನಾದಿನಿ


ಜುಲೈ ೨೨

ರಾಣಿಯವರೇ,

ನಿನ್ನೆ ತೂಗಿದೆವು. ಈ ಒಂದು ತಿಂಗಳಲ್ಲಿ ಒಂದನೇ ಕೊಳದ ಮೀನು ಐವತ್ತೆಂಟು ಗ್ರಾಂ ಏರಿದೆ, ಎರಡನೆಯದು ಮೂವತ್ತೇಳು. ಅಂದರೆ ಫೀಡು ಯಾವುದಾದರೂ ಸರಿ, ಅವಳ ಕೈ ಇದ್ದ ಕಡೆ ಮೀನು ಬೆಳೆಯುತ್ತದೆ, ನನ್ನ ಡಬ್ಬ ಇದ್ದ ಕಡೆ ಬಡಕಲಾಗುತ್ತದೆ. ನನಗೇನೂ ಬೇಜಾರಿಲ್ಲ. ಸ್ವಲ್ಪ ಇದೆ.

ಅವಳು ನಂಬಲೇ ಇಲ್ಲ. "ಇನ್ನೊಂದ್ಸಲ ತೂಗಿ" ಅಂದಳು. ತೂಗಿದೆ. "ನನ್ನ ಕೈಯಿಂದಾನಾ?" ಅಂದಳು. "ಹೌದು ಮಾರಾಯ್ತಿ, ನಿನ್ನ ಕೈಯಿಂದಾನೇ" ಅಂದೆ. ಕೈ ಒರೆಸಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ನೀನು ಮೂರನೇ ಪ್ರಶ್ನೆಗೆ ಉತ್ತರ ಬರೆಯಲಿಲ್ಲ. ಮರೆತೆಯೋ ಏನೋ. ಅಂಚೆಯವನು ಬಂದಾಗಲೆಲ್ಲ ಕೈ ಒದ್ದೆಯಿದ್ದರೂ ಬಾಗಿಲಿಗೆ ಬರುತ್ತಾಳೆ. "ಅದನ್ನ ಬರೆದ್ಳಾ?" ಅನ್ನುತ್ತಾಳೆ. ಕೊಟ್ಟಿಗೆಯಿಂದ ಹಳೆಯ ಖಾಲಿ ಚೀಲವೊಂದನ್ನು ತಂದು, ಕೊಡವಿ, ಫೀಡಿನಲ್ಲಿ ಏನೇನಿದೆ ಎಂದು ಮೇಲೆ ಅಚ್ಚಾದ ಪಟ್ಟಿಯನ್ನು ಓದುತ್ತಾ ಕೂತಿದ್ದಳು. ಡೊಂಕು ಬೆನ್ನಿನ ವರ್ಷದ ಚೀಲ ಅದು.

ನಿನ್ನ ಭಾವ


ಆಗಸ್ಟ್ ೧೬

ಅಕ್ಕಾ,

ಈ ಪತ್ರ ಭಾವನಿಗಲ್ಲ, ನಿನಗೆ. ಮೂರು ವಾರದಲ್ಲಿ ಆರು ಸಲ ಬರೆದು ಹರಿದಿದ್ದೇನೆ.

ಮೂರನೇ ಪ್ರಶ್ನೆಗೆ ಉತ್ತರ: ಕರಗುವುದಿಲ್ಲ.

ಮೀನಿನ ಎಲುಬು ಗಟ್ಟಿಯಾಗಲು ರಂಜಕ, ಅಂದರೆ ಫಾಸ್ಫರಸ್, ಬೇಕು. ಮೂರು ವರ್ಷದ ಹಿಂದಿನ ಫೀಡಿನಲ್ಲಿ ಅದಕ್ಕೆಂದು ಮೂಳೆ ಪುಡಿ ಹಾಕಿದ್ದೆ. ಬೇಟೆಯಾಡಿ ತಿನ್ನುವ, ಹೊಟ್ಟೆ ಇರುವ ಬೇರೆ ಜಾತಿಯ ಮೀನಿನ ಮೇಲೆ ನಾನು ಮೊದಲು ಕೆಲಸ ಮಾಡಿದ್ದು. ಆ ಲೆಕ್ಕವನ್ನೇ ಇಲ್ಲೂ ತಂದು ಕೂರಿಸಿಬಿಟ್ಟೆ. ಹುಳಿ ಇಲ್ಲದ ಕರುಳಿನಲ್ಲಿ ಮೂಳೆ ಪುಡಿ ಬಂದ ಹಾಗೇ ಹೊರಗೆ ಹೋಯಿತು. ಮೀನಿಗೆ ರಂಜಕ ಸಿಗಲಿಲ್ಲ. ಬೆನ್ನು ಡೊಂಕಾಯಿತು.

ಆಗ ಇದು ನನಗೆ ಹೊಳೆಯಲಿಲ್ಲ. ಮುಖ್ಯಸ್ಥರು ಕಾರಣ ಕೇಳಿದರು. ಫೀಡು ಸರಿಯಿದೆ ಎಂದು ಹಠ ಮಾಡಿ, ವರದಿಯಲ್ಲಿ "ಕೊಳದ ನಿರ್ವಹಣೆಯ ಲೋಪ" ಎಂದು ಒಂದು ಸಾಲು ಬರೆದೆ. ಅದರ ಪ್ರತಿ ನಿಮ್ಮ ಮನೆಗೂ ಬಂದಿತ್ತು. ವರ್ಷದ ನಂತರ ಗೆಂಡೆಗೆ ಹೊಸ ಫೀಡು ಮಾಡಲು ಕೂತಾಗ ತಪ್ಪು ಎಲ್ಲಿ ಎಂದು ಗೊತ್ತಾಯಿತು. ಹೊಸ ಫೀಡಿನಲ್ಲಿ ನೀರಿನಲ್ಲಿ ಕರಗುವ ಉಪ್ಪಿನ ರೂಪದಲ್ಲಿ ರಂಜಕ ಹಾಕಿ ಸದ್ದಿಲ್ಲದೆ ಸರಿ ಮಾಡಿದೆ. ನಿನಗೆ ಹೇಳಲಿಲ್ಲ. ಎರಡು ವರ್ಷ ಹೇಳಲಿಲ್ಲ. ಮೀನು ಬೆಳೆದರೆ ನಿನ್ನ ಕೋಪ ತಾನಾಗಿ ಇಳಿಯುತ್ತದೆ, ಆ ಸಾಲಿನ ಮಾತೇ ಬರುವುದಿಲ್ಲ ಎಂದು ಲೆಕ್ಕ ಹಾಕಿದೆ. ಮಾರ್ಚ್‌ನಲ್ಲಿ ಭಾವನಿಗೆ "ಯಾರಿಗೆ ಗೊತ್ತು" ಎಂದು ಬರೆದೆನಲ್ಲ, ಅದು ಸುಳ್ಳು. ನನಗೆ ಗೊತ್ತಿತ್ತು.

ನಿನ್ನೆ ವರದಿ ಕೊಟ್ಟೆ. ಹೊಸ ಫೀಡು ಹಳೆಯದಕ್ಕೆ ಸಮ, ಮೇಲಲ್ಲ. ಬೆಳವಣಿಗೆ ಹೆಚ್ಚಿದ್ದು ಅದೇ ಅಳತೆಯನ್ನು ಆರೇಳು ಹೊತ್ತು ಹಂಚಿ ಹಾಕಿದ ಕೊಳದವರ ಕೈಯಿಂದ. ಜೊತೆಗೆ ಇನ್ನೊಂದು ಹಾಳೆ ಸೇರಿಸಿದೆ: ಮೂರು ವರ್ಷದ ಹಿಂದಿನ ನಷ್ಟಕ್ಕೆ ಕಾರಣ ನನ್ನ ಫೀಡು, ಕೊಳ ನೋಡಿಕೊಂಡವರದು ಏನೂ ತಪ್ಪಿರಲಿಲ್ಲ. ಮುಖ್ಯಸ್ಥರು ಎರಡನ್ನೂ ಓದಿ, "ಇದನ್ನ ಈಗ್ಯಾಕೆ ಕೆದಕಿದ್ರಿ?" ಅಂದರು. ನನ್ನ ಫೀಡು ಈ ವರ್ಷ ಹೊರಗೆ ಬರುವುದಿಲ್ಲ. ಬರದಿದ್ದರೆ ಬೇಡ.

ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ ಅಕ್ಕ. ಹೀಗೆ ಕೇಳಲು ನಾಚಿಕೆಯಾಗುತ್ತಿದೆ, ಆದರೂ ಕೇಳುತ್ತಿದ್ದೇನೆ.

ನಿನ್ನ ಪುಟ್ಟಿ


ಆಗಸ್ಟ್ ೨೯

ಪುಟ್ಟಿ,

ನಿನ್ನ ಪತ್ರವನ್ನು ನಿನ್ನ ಭಾವ ಎಂದಿನ ಹಾಗೆ ಜೋರಾಗಿ ಓದಲು ಶುರು ಮಾಡಿದರು. ಎರಡನೇ ಸಾಲಿಗೆ ಕಿತ್ತುಕೊಂಡೆ. ಏರಿಯ ಮೇಲೆ ಕೂತು ಮೂರು ಸಲ ಓದಿದೆ.

ನೀವಿಬ್ಬರೂ ಸೇರಿ ನನಗೆ ಕೋಪ ಎಂದು ತೀರ್ಮಾನ ಮಾಡಿ ಕೂತಿದ್ದೀರಿ. ಯಾವ ಕೋಪ ಕಣೇ? ನಿನ್ನ ವರದಿಯ ಆ ಸಾಲನ್ನು ನಾನು ನಂಬಿದ್ದೆ. ಓದಿದವಳು, ಯಂತ್ರ ಇಟ್ಟು ನೋಡಿ ಬರೆದಿದ್ದಾಳೆ, ನನ್ನ ತಂಗಿ ಸುಮ್ಮನೆ ಬರೆಯುತ್ತಾಳೆಯೇ ಎಂದುಕೊಂಡೆ. ಅಪ್ಪ ಇಪ್ಪತ್ತೆಂಟು ವರ್ಷ ನೋಡಿಕೊಂಡ ಕೊಳ ನನ್ನ ಕೈಗೆ ಬಂದು ಕೆಟ್ಟಿತು, ನಿನ್ನ ಮೊದಲ ಪ್ರಯೋಗವನ್ನೂ ನಾನೇ ಹಾಳು ಮಾಡಿದೆ ಎಂದು ಕೊರಗಿದ್ದೇನೆ. ಯಾವ ಮುಖ ಇಟ್ಟುಕೊಂಡು ನಿನ್ನ ಜೊತೆ ಮಾತಾಡಲಿ? ಅದಕ್ಕೇ ಎದ್ದು ಹೋಗುತ್ತಿದ್ದೆ. ಡೊಂಕು ಮೀನಿದ್ದ ಆ ಎರಡನೇ ಕೊಳವನ್ನು ಮೂರು ಸಲ ಬತ್ತಿಸಿ, ಕೆಸರು ಎತ್ತಿಸಿ, ಸುಣ್ಣ ಹೊಡೆಸಿದೆ. ತೂಬು ಬದಲಾಯಿಸಿದೆ. ದಿನಾ ಬೆಳಿಗ್ಗೆ ನೀರು ಮೂಸಿ ನೋಡುತ್ತೇನೆ, ಇವತ್ತಿಗೂ. ನಿನ್ನ ಭಾವನಿಗೆ ಅದು ನಿನ್ನ ಫೀಡಿನ ಮೇಲಿನ ಅನುಮಾನದ ಹಾಗೆ ಕಂಡಿತು. ಅನುಮಾನ ಇದ್ದದ್ದು ನನ್ನ ಮೇಲೆ. ಈ ಸಲವೂ ನನ್ನಿಂದ ನಿನ್ನ ಕೆಲಸ ಕೆಡಬಾರದು ಎಂದು ಒಂದೊಂದೇ ಹಿಡಿ ಹಾಕಿ ಕಾದೆ.

ಮೂಳೆ ಪುಡಿಯದನ್ನು ಕೇಳಿದಾಗಲೂ ನಿನ್ನನ್ನು ಸಿಕ್ಕಿಸಿಹಾಕಬೇಕು ಎಂದಿರಲಿಲ್ಲ. ಚೀಲದ ಮೇಲೆ ಓದಿದ್ದು ನೆನಪಿತ್ತು, ಗೊತ್ತಾಗಬೇಕಿತ್ತು, ಕೇಳಿದೆ. ಎರಡಕ್ಕೆ ಅಷ್ಟು ಚೆನ್ನಾಗಿ ಉತ್ತರ ಬರೆದವಳು ಮೂರನೆಯದನ್ನು ಬಿಟ್ಟಾಗ ನನಗೆ ಅರ್ಥವಾಯಿತು. ಆದರೂ ನೀನೇ ಬರೆಯಲಿ ಎಂದು ಅಂಚೆಯವನ ದಾರಿ ನೋಡಿದೆ.

ಆ ಹಾಳೆ ಸೇರಿಸಿ ಒಳ್ಳೆಯದು ಮಾಡಿದೆ. ಅದರ ಒಂದು ಪ್ರತಿಯನ್ನು ನನಗೆ ಕಳಿಸು.

ಹೊಟ್ಟೆಗೆ ಹಾಕಿಕೋ ಎಂದು ಬರೆದಿದ್ದೀಯ. ಈಗಲೇ ಹಾಕಿಕೊಳ್ಳುವುದಿಲ್ಲ. ಮೊದಲ ವರ್ಷ ಗೊತ್ತಿರಲಿಲ್ಲ ಅಂದಿದ್ದೀಯ, ಒಪ್ಪಿದೆ. ಆಮೇಲಿನ ಎರಡು ವರ್ಷ? ನಾನು ಇಲ್ಲಿ ಕೆಸರು ಎತ್ತಿಸುತ್ತಿದ್ದಾಗ ನೀನು ಅಲ್ಲಿ ಗೊತ್ತಿದ್ದೂ ಸುಮ್ಮನೆ ಕೂತಿದ್ದೆ. ಮೂರು ವರ್ಷ ನನಗೆ ನಿನ್ನ ಮೇಲೆ ಒಂದು ದಿನವೂ ಕೋಪ ಇರಲಿಲ್ಲ ಪುಟ್ಟಿ. ಈಗ ಬಂದಿದೆ. ಕಾಗದದಲ್ಲಿ ಬೈದರೆ ನನಗೆ ಸಮಾಧಾನವಿಲ್ಲ, ಎದುರಿಗೆ ಕೂರಿಸಿಕೊಂಡೇ ಬೈಯಬೇಕು. ಒಂದು ದಿನದಲ್ಲಿ ಮುಗಿಯುವುದಲ್ಲ ಅದು. ಒಂದು ವಾರ ರಜೆ ಹಾಕಿ ಬಾ.

ಅಕ್ಕ